ವಾರಕ್ಕೊಮ್ಮೆ ಬರುವ ಮೇಷ್ಟ್ರು: ಸಣ್ಣ ಶಾಲೆಯಲ್ಲಿ ಆಟ, ಚಿತ್ರ, ಹಾಡು, ಸಂಜ್ಞೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪುಟ್ಟ ಅನುಸೂಚಿ ಇದೆ. ಶಾಲೆಗೆ ಎಷ್ಟು ಶಿಕ್ಷಕರು, ಎಂಥ ಕಟ್ಟಡ, ವರ್ಷಕ್ಕೆ ಎಷ್ಟು ದಿನ ಪಾಠ ಎಂಬುದೆಲ್ಲ ಅಲ್ಲಿ ಬರುತ್ತದೆ. ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಈ ಮೂರಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂಬ ಮಾತೂ ಅಲ್ಲೇ ಇದೆ. ಆದರೆ ಆ ಮಾತಿಗೆ ಎರಡು ಬೇಲಿ. 6ರಿಂದ 8ನೇ ತರಗತಿಗೆ ಮಾತ್ರ. ಅದೂ ದಾಖಲಾತಿ 100 ದಾಟಿದ್ದರೆ ಮಾತ್ರ. 1ರಿಂದ 5ರವರೆಗಿನ ಮಕ್ಕಳ ವಿಷಯದಲ್ಲಿ ಕಾಯ್ದೆ ಬರೀ ತಲೆ ಎಣಿಸುತ್ತದೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಆ ಇಬ್ಬರೋ ಮೂವರೋ ಕನ್ನಡ, ಗಣಿತ, ಪರಿಸರ ಅಧ್ಯಯನ, ಇಂಗ್ಲಿಷ್ ಮುಗಿಸಿ, ಚೆಂಡು, ಬಣ್ಣ, ಹಾಡು ಎಲ್ಲವನ್ನೂ ಸಂಭಾಳಿಸಬೇಕು.

ಹಾಗಾಗಿ ಕಿರಿಯ ಪ್ರಾಥಮಿಕ ಶಾಲೆಯ ಗೋಡೆಯ ವೇಳಾಪಟ್ಟಿಯಲ್ಲಿ ಈ ವಿಷಯಗಳು ಇರುತ್ತವೆ, ಅವನ್ನು ಕಲಿತ ಶಿಕ್ಷಕರು ಇರುವುದಿಲ್ಲ. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಇದ್ದರೆ ಮಕ್ಕಳು ಹೆಚ್ಚಿರುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಚಿತ್ರಕಲೆ, ಸಂಗೀತದ ಹುದ್ದೆಗಳು ಹೆಚ್ಚಾಗಿ ಪ್ರೌಢಶಾಲೆಯಲ್ಲಿ. ಮಗುವಿನ ಕೈ, ಕೊರಳು, ಕಾಲು ಬೇಗ ಪಳಗುವ ವಯಸ್ಸು 6ರಿಂದ 10. ಶಿಕ್ಷಕರು ಕಾಣಿಸಿಕೊಳ್ಳುವುದು ಆ ವಯಸ್ಸು ಕಳೆದ ಮೇಲೆ. ಹದಿಮೂರರ ಹುಡುಗ ‘ನನಗೆ ಚಿತ್ರ ಬರಲ್ಲ ಸಾರ್’ ಎಂದು ತೀರ್ಮಾನಿಸಿದ ಮೇಲೆ ಚಿತ್ರಕಲಾ ಶಿಕ್ಷಕರ ಕೈಗೆ ಸಿಗುತ್ತಾನೆ.

ನೀತಿಗಳ ಕೊರತೆಯೇನೂ ಇಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೇ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕು ಎಂದಿತು. 2023ರ ಚೌಕಟ್ಟು ಕಲಾ ಶಿಕ್ಷಣ, ದೈಹಿಕ ಶಿಕ್ಷಣ ಎರಡನ್ನೂ ‘ಸಹಪಠ್ಯ’ ಎಂಬ ಮೂಲೆಯಿಂದ ಎತ್ತಿ ಪಠ್ಯದ ಸಾಲಿಗೇ ತಂದು ಕೂರಿಸಿತು. ಅದರ ಬೆನ್ನಿಗೆ ಎನ್‌ಸಿಇಆರ್‌ಟಿ 3ನೇ ತರಗತಿಗೆ ಕಲೆಯ ಪುಸ್ತಕವನ್ನೂ ದೈಹಿಕ ಶಿಕ್ಷಣದ ಪುಸ್ತಕವನ್ನೂ ಪ್ರತ್ಯೇಕವಾಗಿ ಹೊರತಂದಿತು. ಕರ್ನಾಟಕ ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ನೇತೃತ್ವದ ಆಯೋಗ ರಚಿಸಿತು. 2025ರ ಆಗಸ್ಟ್‌ನಲ್ಲಿ ವರದಿಯೂ ಬಂತು. ಕೊನೆಗೆ ಯಾವ ನೀತಿ ನಿಂತರೂ ಪ್ರಶ್ನೆ ಒಂದೇ: 35 ಮಕ್ಕಳು, ಇಬ್ಬರು ಶಿಕ್ಷಕರು ಇರುವ ಶಾಲೆಯಲ್ಲಿ ಇದನ್ನು ಕಲಿಸುವವರು ಯಾರು?

‘ಪ್ರತಿ ಶಾಲೆಗೂ ಒಬ್ಬ ವಿಶೇಷ ಶಿಕ್ಷಕರನ್ನು ನೇಮಿಸಿ’ ಎಂಬುದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಬೇಡಿಕೆ. ಕಾಗದ ಪೆನ್ಸಿಲ್ ಹಿಡಿದು ಕೂತರೆ ಅದು ನಿಲ್ಲುವುದಿಲ್ಲ. ಸಣ್ಣ ಶಾಲೆಯಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಪದ್ಧತಿಯ 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತದೆ, 4 ಮತ್ತು 5 ಇನ್ನೊಂದರಲ್ಲಿ. ಅಂದರೆ ಎರಡೇ ಗುಂಪು. ಪ್ರತಿ ಗುಂಪಿಗೆ ವಾರಕ್ಕೆ 40 ನಿಮಿಷದ 2 ಪಿರಿಯಡ್ ಅಂದರೂ ಒಂದು ವಿಷಯಕ್ಕೆ ಒಟ್ಟು 4 ಪಿರಿಯಡ್. ಪೂರ್ಣಾವಧಿ ಶಿಕ್ಷಕರ ವಾರದ ಹೊರೆ 30 ಪಿರಿಯಡ್ ಆಸುಪಾಸು ಎಂದಿಟ್ಟುಕೊಂಡರೆ, ಆ ಶಾಲೆಯಲ್ಲಿ ಅವರಿಗೆ ಒಂದು ದಿನದ ಕೆಲಸವೂ ಪೂರ್ತಿ ಇಲ್ಲ. ಉಳಿದ ದಿನಗಳಲ್ಲಿ ಅವರು ಏನಾಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು: ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ, ರಜೆ ಹಾಕಿದವರ ತರಗತಿ.

ಲೆಕ್ಕವನ್ನು ತಿರುಗಿಸಿ ಹಾಕಿದರೆ ದಾರಿ ಕಾಣುತ್ತದೆ. ಒಂದೇ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, 5 ಸಣ್ಣ ಶಾಲೆಗಳಿಗೆ ಒಬ್ಬರು. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು ಶಾಲೆ. ಶನಿವಾರದ ಅರ್ಧ ದಿನ ತಯಾರಿಗೆ, ಸಾಮಗ್ರಿ ರಿಪೇರಿಗೆ. ಹೊಸ ವಿಚಾರವೇನಲ್ಲ. ಅಕ್ಕಪಕ್ಕದ ಶಾಲೆಗಳನ್ನು ಒಂದು ಸಂಕೀರ್ಣವಾಗಿ ನೋಡಬೇಕೆಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು. ಶಾಲಾ ಸಂಕೀರ್ಣದೊಳಗೆ ಸಂಗೀತ, ಕಲೆ, ಕ್ರೀಡೆಯ ಶಿಕ್ಷಕರನ್ನು ಹಂಚಿಕೊಳ್ಳುವ ಮಾತು 2020ರ ರಾಷ್ಟ್ರೀಯ ನೀತಿಯಲ್ಲೂ ಇದೆ. ಕರ್ನಾಟಕದಲ್ಲಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇರುವ ಕ್ಲಸ್ಟರ್ ವ್ಯವಸ್ಥೆ ಮೊದಲೇ ಇದೆ, ಹೊಸ ಕಚೇರಿ ಬೇಕಿಲ್ಲ.

ಆದರೆ ವಾರಕ್ಕೊಮ್ಮೆ ಬರುವವರಿಂದ ಮಗು ಕಲಿಯುವುದು ಎಷ್ಟು? ವರ್ಷಕ್ಕೆ 220 ಕೆಲಸದ ದಿನ ಇದ್ದರೂ, ಹಬ್ಬ, ರಜೆ, ಪರೀಕ್ಷೆ, ಮೇಷ್ಟ್ರ ತರಬೇತಿ ಕಳೆದರೆ ಒಂದು ಶಾಲೆಗೆ ಸಿಗುವುದು ಹೆಚ್ಚೆಂದರೆ 30 ಭೇಟಿ. ಗುಂಪಿಗೆ ಎರಡೆರಡು ಪಿರಿಯಡ್ ಅಂತ ಹಿಡಿದರೂ 40 ಗಂಟೆ. ಇಷ್ಟರಲ್ಲಿ ಹಾಡು ಕೊರಳಿಗೆ ಹತ್ತುವುದಿಲ್ಲ, ಚೆಂಡು ಕೈಯಲ್ಲಿ ನಿಲ್ಲುವುದಿಲ್ಲ. ಕೌಶಲ ಹತ್ತುವುದು ನಡುವಿನ ದಿನಗಳ 10 ನಿಮಿಷದ ಅಭ್ಯಾಸದಿಂದ. ಆದ್ದರಿಂದ ಬಂದುಹೋಗುವ ಶಿಕ್ಷಕರ ನಿಜವಾದ ಕೆಲಸ ಎರಡು: ಅಂದಿನ ಪಾಠ ಮಾಡುವುದು, ಮತ್ತು ಇಡೀ ವಾರ ತರಗತಿ ಶಿಕ್ಷಕಿ ಯಾವ ತಜ್ಞತೆಯೂ ಇಲ್ಲದೆ ಮಾಡಿಸಬಹುದಾದಷ್ಟು ಸಣ್ಣ, ಖಚಿತ ಕೆಲಸವೊಂದನ್ನು ಬಿಟ್ಟುಹೋಗುವುದು. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದು ವಾರದ ಮನರಂಜನೆ. ಹೋದ ಕಡೆಯೆಲ್ಲ ಈ ಎರಡನೆಯದೇ ತಪ್ಪಿಹೋಗುತ್ತದೆ.

ಆಟದ ಪಿರಿಯಡ್

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂಥ ಚಟುವಟಿಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ವಾರಕ್ಕೆ 2 ಪಿರಿಯಡ್ ಎಂದರೆ 80 ನಿಮಿಷ. ಅದರಲ್ಲೂ ಮಗು ನಿಜವಾಗಿ ಓಡಾಡುವುದು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ನೋಡಬೇಕು. 40 ಮಕ್ಕಳು ಸಾಲಾಗಿ ನಿಂತು ಒಂದೇ ಚೆಂಡನ್ನು ಸರದಿಯಂತೆ ಎಸೆದರೆ, 30 ನಿಮಿಷದಲ್ಲಿ ಒಬ್ಬರ ಪಾಲಿಗೆ 45 ಸೆಕೆಂಡ್. ಉಳಿದ 29 ಕಾಲು ನಿಮಿಷ ಮಗು ಕಲಿಯುವುದು ಸಾಲಿನಲ್ಲಿ ನಿಲ್ಲುವುದನ್ನು. ಅದೇ ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ 10 ಚೆಂಡು ಕೊಟ್ಟರೆ ಪ್ರತಿಯೊಬ್ಬರಿಗೂ ಏಳೂವರೆ ನಿಮಿಷ. ಸಮಸ್ಯೆ ಮೈದಾನದ್ದಲ್ಲ, ಚೆಂಡಿನ ಎಣಿಕೆಯದ್ದು.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಅವಕಾಶವಿದೆ. ಇದರಲ್ಲಿ ಮೊದಲು ಬರುವುದು ಕೇರಂ ಬೋರ್ಡು, ವಾಲಿಬಾಲ್ ನೆಟ್ಟು, ಒಂದು ಕ್ರಿಕೆಟ್ ಕಿಟ್ಟು. ಮೂರನ್ನೂ 8 ವರ್ಷದ ಮಕ್ಕಳ ಇಡೀ ತರಗತಿ ಒಟ್ಟಿಗೆ ಬಳಸಲು ಸಾಧ್ಯವಿಲ್ಲ. ಬೇಕಾದದ್ದು ಟೆನಿಸ್ ಚೆಂಡು, ಸ್ಕಿಪ್ಪಿಂಗ್ ಹಗ್ಗ, ಟೆನಿಕಾಯ್ಟ್ ರಿಂಗ್, ಗುರುತಿಗೆ ಪ್ಲಾಸ್ಟಿಕ್ ಕೋನ್. ಒಂದು ಗುಂಪಿನ ಮಕ್ಕಳ ಅರ್ಧದಷ್ಟಾದರೂ ಇರಲಿ. ಕೊರತೆಯಾದರೆ ಹಳೆ ಸೀರೆ ಸುತ್ತಿ, ಕಾಲುಚೀಲದೊಳಗೆ ತುರುಕಿ ಹೊಲಿದ ಬಟ್ಟೆ ಚೆಂಡು 1, 2ನೇ ತರಗತಿಗೆ ರಬ್ಬರ್ ಚೆಂಡಿಗಿಂತ ಮೇಲು. ಪುಟಿದು ಓಡಿಹೋಗುವುದಿಲ್ಲ, ಮುಖಕ್ಕೆ ಬಿದ್ದರೂ ನೋವಿಲ್ಲ. ಚೆಂಡಿಗೆ ಹೆದರಿ ಕಣ್ಣು ಮುಚ್ಚುವ ಮಗು ಹಿಡಿಯಲು ಕಲಿಯುವುದೇ ಇಲ್ಲ.

40 ನಿಮಿಷವನ್ನು ಹೀಗೆ ಮುರಿಯಬಹುದು: ಮೈ ಕಾಯಿಸಲು 6 ನಿಮಿಷ, ಒಂದೇ ಒಂದು ಕೌಶಲಕ್ಕೆ 15, ಆ ಕೌಶಲ ಬೇಕೇ ಬೇಕಾಗುವ ಆಟಕ್ಕೆ 12, ಉಸಿರು ಇಳಿಸಿ ನೀರು ಕುಡಿಯಲು 4, ಉಳಿದ 3 ನಿಮಿಷ ಹೊರಗೆ ಹೋಗಿ ಬರುವುದರಲ್ಲೇ ಕಳೆಯುತ್ತದೆ. ಕೌಶಲ ಎಂದರೆ ಓಡುವಾಗ ನಿಲ್ಲುವುದು, ದಿಕ್ಕು ಬದಲಿಸುವುದು, ಒಂಟಿ ಕಾಲಲ್ಲಿ ಇಳಿಯುವುದು, ಎದುರು ಕಾಲು ಮುಂದಿಟ್ಟು ಎಸೆಯುವುದು, ಇಂಥವು. ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುವುದು ಈ ವಯಸ್ಸಿನ ಸಾಮಾನ್ಯ ತಪ್ಪು. ತಿದ್ದಲು ಭಾಷಣ ಬೇಡ. ನೆಲದಲ್ಲಿ ಎಡಗಾಲಿಗೊಂದು ವೃತ್ತ ಬರೆದು ‘ಇಲ್ಲಿ ತುಳಿದು ಎಸಿ’ ಎಂದರೆ ಸಾಕು. ಕುಂಟೆಬಿಲ್ಲೆ ಸಮತೋಲನವನ್ನೂ ಲಗೋರಿ ಎಸೆತ ಮತ್ತು ತಪ್ಪಿಸಿಕೊಳ್ಳುವಿಕೆಯನ್ನೂ ಕಲಿಸುತ್ತವೆ. ಬೇರೆ ಹೆಸರಿನ ಕವಾಯತು ಹುಡುಕಿಕೊಂಡು ಹೋಗಬೇಕಿಲ್ಲ.

ಖೋ ಖೋ ಅಂಕಣದ ಪೂರ್ಣ ಅಳತೆ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ಕಂಬಗಳ ನಡುವೆ 30 ಸೆಂಟಿಮೀಟರ್ ಬದಿಯ 8 ಚೌಕ. ಇದನ್ನೇ ಯಥಾವತ್ತಾಗಿ 3ನೇ ತರಗತಿಗೆ ಹಾಕಿದರೆ ಅಟ್ಟುವ ಮಗು ಎರಡೇ ಸುತ್ತಿಗೆ ಸುಸ್ತು, ಕೂತವರಿಗೆ ಖೋ ಸಿಗುವುದೇ ಇಲ್ಲ. ಕಂಬಗಳ ಅಂತರ 15 ಮೀಟರ್‌ಗೆ ಇಳಿಸಿ, 5 ಚೌಕ ಇಟ್ಟು, ಇಂಥ ಎರಡು ಅಂಕಣ ಪಕ್ಕಪಕ್ಕ ಹಾಕಿದರೆ ಆಟ ಓಡುತ್ತದೆ. ಮೂಲೆ ಸರಿಯಾಗಿ ಬರಲು 12 ಮೀಟರ್ ಹಗ್ಗಕ್ಕೆ 3 ಮತ್ತು 7ನೇ ಮೀಟರಿನಲ್ಲಿ ಗಂಟು ಹಾಕಿ, ಎರಡು ತುದಿ ಸೇರಿಸಿ ಮೂವರು ಎಳೆದು ಹಿಡಿಯಬೇಕು. 3ನೇ ಮೀಟರಿನ ಗಂಟಿನಲ್ಲಿ ಲಂಬಕೋನ ತಾನಾಗಿ ಬೀಳುತ್ತದೆ. ಗಣಿತದ ಪಿರಿಯಡ್ ಅನ್ನು ಆಟದ ಪಿರಿಯಡ್ ಒಮ್ಮೆಯಾದರೂ ನುಂಗಿದಂತಾಯಿತು. ಗೆರೆಗೆ ರಂಗೋಲಿ ಪುಡಿ ಸಾಕು. ನೀರು ಹಾಕದ ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ.

ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ರಾಯಚೂರು, ಕಲಬುರಗಿ ಕಡೆ ಮಾರ್ಚ್ ಬಂತೆಂದರೆ ಹತ್ತು ಗಂಟೆಯ ಮೇಲೆ ಬಿಸಿಲಿಗೆ ಮಕ್ಕಳನ್ನು ಬಿಡುವಂತಿಲ್ಲ. ಇಡೀ ರಾಜ್ಯಕ್ಕೆ ಒಂದೇ ವಾರ್ಷಿಕ ಪಾಠಯೋಜನೆ ಕೊಟ್ಟರೆ ಎರಡೂ ಕಡೆ ಕೆಡುತ್ತದೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಜಗುಲಿಯ ಸಮತೋಲನ, ಯೋಗ, ಚೌಕಾಬಾರ, ಅಳಗುಳಿಮಣೆ. ಬಯಲುಸೀಮೆಯಲ್ಲಿ ಬೇಸಿಗೆಯ ಆಟ ಮೊದಲ ಪಿರಿಯಡ್‌ಗೆ.

ಇಷ್ಟೆಲ್ಲ ಕೆಡುವುದು ಇನ್ನೊಂದು ಕಾರಣಕ್ಕೆ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಅಂತ ಕ್ರೀಡಾಕೂಟಗಳ ಸರಣಿ ಶುರುವಾದರೆ ಪಿ.ಟಿ. ಮೇಷ್ಟ್ರ ಕಣ್ಣು ಓಡುವ ಹತ್ತು ಹನ್ನೆರಡು ಮಕ್ಕಳ ಮೇಲೆ. ಉಳಿದವರು ಮರದ ಕೆಳಗೆ ಕೂತು ಚಪ್ಪಾಳೆ ಹೊಡೆಯುತ್ತಾರೆ. ಮೇಷ್ಟ್ರನ್ನು ಬೈಯುವುದು ಸುಲಭ. ಆದರೆ ಅವರ ಕೆಲಸಕ್ಕೆ ಇಲಾಖೆಯೂ ಊರೂ ಕೊಡುವ ಒಂದೇ ಅಂಕ ಆ ಪದಕಗಳು. ಕುಂಟುತ್ತಿದ್ದ ಮಗು ಸರಿಯಾಗಿ ಹಾರಲು ಕಲಿತದ್ದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ದೈಹಿಕ ಶಿಕ್ಷಣ ಶಿಕ್ಷಕರ ಸಂಘಟನೆಗಳು ವರ್ಷಗಳಿಂದ ತಮ್ಮ ಸ್ಥಾನಮಾನ ಕುರಿತ ವೈದ್ಯನಾಥನ್ ವರದಿ ಜಾರಿಗೆ ಹೋರಾಡುತ್ತಿರುವುದರ ಹಿಂದೆಯೂ ಇದೇ ಕೊರಗಿದೆ. ಬೇರೆ ಶಿಕ್ಷಕರಿಗೆ ಸಮನಾದ ಸ್ಥಾನಮಾನ, ಬಡ್ತಿ ಇಲ್ಲದವರಿಂದ ಸಮನಾದ ಪಾಠ ನಿರೀಕ್ಷಿಸುವುದು ಹೇಗೆ?

ಹಾಡಿಗೆ ಶ್ರುತಿ ಎಲ್ಲಿ?

ಸಂಗೀತ ಶಿಕ್ಷಕರಿಲ್ಲದ ಶಾಲೆಯಲ್ಲೂ ದಿನಾ ಹಾಡು ನಡೆಯುತ್ತದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. 220 ದಿನಕ್ಕೆ ಗುಣಿಸಿದರೆ ವರ್ಷಕ್ಕೆ 550 ನಿಮಿಷ, 9 ಗಂಟೆಗೂ ಮಿಕ್ಕಿ ಸಾಮೂಹಿಕ ಗಾಯನ. ಯಾವ ಹೊಸ ಪಿರಿಯಡ್ ಇಲ್ಲದೆ, ಯಾವ ಬಜೆಟ್ ಇಲ್ಲದೆ ಸಿಕ್ಕಿರುವ ಸಂಗೀತ ಪಾಠ ಇದು. ಅದನ್ನು ಪಾಠವೆಂದು ಯಾರೂ ನೋಡುವುದಿಲ್ಲ.

ಪ್ರಾರ್ಥನೆಯಲ್ಲಿ ಆಗುವುದೇನು? ಮುಂದೆ ನಿಂತ ಹುಡುಗಿ ಅಂದು ಬಾಯಿಗೆ ಬಂದ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾಳೆ. ಎತ್ತರಕ್ಕೆ ಎತ್ತಿದರೆ ಮೇಲಿನ ಸ್ವರದಲ್ಲಿ ಎಲ್ಲರೂ ಕಿರುಚಬೇಕು. ತಗ್ಗಿಸಿದರೆ ಕೆಳಗಿನ ಸ್ವರ ಗೊರಗೊರ. ಮೈಕ್ ಇದ್ದರಂತೂ ಕಿರುಚಾಟಕ್ಕೆ ಬೆಲೆ ಜಾಸ್ತಿ. ಗಂಡು ಶಿಕ್ಷಕರೇ ಹಾಡಿಕೊಟ್ಟರೆ ತೊಡಕು ಬೇರೆ. ಶ್ರುತಿಯ ಎತ್ತರವನ್ನು ‘ಮನೆ’ಯಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಿದಂತೆ ಎತ್ತರ. ಅವರ ಕಂಠಕ್ಕೆ ಆರಾಮದ ಶ್ರುತಿ ಸಾಮಾನ್ಯವಾಗಿ 1ರಿಂದ 2 ಮನೆ, ಮಕ್ಕಳಿಗೆ ಹಿಡಿಸುವುದು 5ರಿಂದ 6 ಮನೆ. ಮೇಷ್ಟ್ರ ದನಿಯನ್ನೇ ಅನುಕರಿಸಲು ಹೋಗುವ ಸಣ್ಣ ಮಕ್ಕಳು ಸ್ವರ ಸಿಗದೆ ಮಾತಾಡಿದಂತೆ ಹಾಡುತ್ತಾರೆ. ಅವರಿಗೆ ‘ಕಂಠ ಇಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಕಂಠವಿದೆ, ಮನೆ ತಪ್ಪಿದೆ ಅಷ್ಟೆ.

ಪರಿಹಾರ ಅಗ್ಗ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ 5 ಮನೆಗೆ ನಿಲ್ಲಿಸಿ, ಸಣ್ಣ ಸ್ಪೀಕರಿಗೆ ಜೋಡಿಸಿ, ಹಾಡುವ ಮೊದಲು 15 ಸೆಕೆಂಡ್ ಎಲ್ಲರೂ ಬಾಯಿ ಮುಚ್ಚಿ ‘ಮ್’ ಎಂದು ಗುನುಗಬೇಕು. ನಾಡಗೀತೆಯ ಮೇಲಿನ ಸ್ವರ ಆಗಲೂ ಎಟುಕದಿದ್ದರೆ ಅರ್ಧ ಮನೆ ಇಳಿಸಿ ನೋಡಬೇಕು. ದನಿ ಗಟ್ಟಿಯಿರುವವರಿಗಿಂತ ದನಿ ಅಲುಗದ ಮಕ್ಕಳನ್ನು ಮುಂದೆ ನಿಲ್ಲಿಸಬೇಕು. ಮೇಷ್ಟ್ರು ತಾಳ ಹಾಕಿಕೊಂಡು ಸುಮ್ಮನಿದ್ದರೆ ಇನ್ನೂ ಒಳ್ಳೆಯದು. ಎರಡು ವಾರ ಬಿಡದೆ ನಡೆಸಿದರೆ ಮಕ್ಕಳು ಶ್ರುತಿ ಹುಡುಕಿಕೊಂಡು ಬಂದು ಸೇರುತ್ತಾರೆ.

ವಾರಕ್ಕೊಮ್ಮೆ ಬರುವ ಸಂಗೀತ ಶಿಕ್ಷಕರು ಇದರ ಮೇಲೆ ಕಟ್ಟಬೇಕು. ಕೇಳುವುದು, ಗುನುಗುವುದು, ಒಂದು ಸಾಲು ಹೇಳಿಕೊಡುವುದು, ಮಕ್ಕಳು ತಿರುಗಿ ಹೇಳುವುದು, ಇದೇ ಕ್ರಮ. ಸಾಹಿತ್ಯವನ್ನು ಬೋರ್ಡಿನಲ್ಲಿ ಬರೆದು ಶುರು ಮಾಡಿದರೆ ಓದಲು ತಡವರಿಸುವ ಮಗು ಹಾಡಿನಿಂದಲೂ ಹೊರಗೆ. ಆದಿತಾಳದ 8 ಎಣಿಕೆ (ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮತ್ತೆ ತಟ್ಟು, ಮಗುಚು, ತಟ್ಟು, ಮಗುಚು) 2ನೇ ತರಗತಿಯ ಮಕ್ಕಳಿಗೆ ಮೂರು ವಾರದ ಕೆಲಸ. ಇಲ್ಲಿ ಎಡವುವುದು ಬೆರಳಲ್ಲಿ ಅಲ್ಲ, ವೇಗದಲ್ಲಿ: ಮಗುಚುವಾಗ ಎಲ್ಲರೂ ಓಡುತ್ತಾರೆ. ನಡೆಯುತ್ತಾ ಎಣಿಸಿದರೆ, ಹೆಜ್ಜೆಗೊಂದು ಎಣಿಕೆ, ಕಾಲು ವೇಗವನ್ನು ಹಿಡಿದಿಡುತ್ತದೆ. ತರಗತಿ ಶಿಕ್ಷಕಿಗೆ ಬಿಟ್ಟುಹೋಗುವ ಕೆಲಸ ಒಂದೇ ಸಾಲು: ದಿನಾ ಪ್ರಾರ್ಥನೆಯ ಮುಂಚೆ 15 ಸೆಕೆಂಡ್ ಶ್ರುತಿ, ಬಿಸಿಯೂಟದ ಸಾಲಿನಲ್ಲಿ ಎರಡು ಆವರ್ತ ತಾಳ.

ಉತ್ತರ ಕರ್ನಾಟಕದ ಶಾಲೆಗಳಿಗೆ ಕರ್ನಾಟಕ ಸಂಗೀತದ ಸರಳೆಯನ್ನೇ (ಆರಂಭದ ಸ್ವರಾಭ್ಯಾಸ) ಹೊರಿಸಬೇಕೆಂದಿಲ್ಲ ಎಂಬ ಮಾತನ್ನು ಬೇರೆ ಹೇಳಬೇಕಿಲ್ಲ. ಊರಿನ ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುವವರು ಇದ್ದಾರೆ, ತತ್ವಪದ ಹಾಡುವವರು ಇದ್ದಾರೆ. ಸ್ಥಳೀಯ ಕಲಾವಿದರನ್ನು ಬೋಧಕರಾಗಿ ಕರೆಯುವ ಅವಕಾಶವನ್ನು 2020ರ ನೀತಿ ಹೇಳಿದೆ. ಗೌರವಧನ ಯಾವ ಲೆಕ್ಕಶೀರ್ಷಿಕೆಯಿಂದ ಎಂಬಲ್ಲಿಗೆ ಬಂದಾಗ ಕಡತ ನಿಲ್ಲುತ್ತದೆ.

ಬೆಟ್ಟ, ಸೂರ್ಯ, ಎರಡು ತೆಂಗಿನಮರ

ಕರ್ನಾಟಕದ ಯಾವ ಮೂಲೆಯ ಶಾಲೆಗೆ ಹೋಗಿ ‘ಚಿತ್ರ ಬರಿ’ ಎಂದರೂ ಬರುವುದು ಇದೇ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ಪಕ್ಕದಲ್ಲಿ ಹೆಂಚಿನ ಮನೆ. ಬೆಟ್ಟವನ್ನೇ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ. ಬೋರ್ಡಿನಿಂದ ನಕಲು ಮಾಡಿ ಕಲಿತದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಣ್ಣು ನೋಡುವುದನ್ನೂ ಕೈ ಬರೆಯುವುದನ್ನೂ ಜೋಡಿಸುವುದು ಚಿತ್ರಕಲೆಯ ಪಾಠ. ನಕಲು ಆ ಜೋಡಣೆಯನ್ನೇ ತಪ್ಪಿಸುತ್ತದೆ.

6–7 ವರ್ಷದ ಮಗು ಭುಜದಿಂದ ಬರೆಯುತ್ತದೆ, ಬೆರಳಿನಿಂದಲ್ಲ. ಅದಕ್ಕೆ ನೋಟ್‌ಬುಕ್ಕಿನ ಹಾಳೆಯೂ ಚೂಪು ಪೆನ್ಸಿಲ್ಲೂ ಕೊಟ್ಟರೆ ಚಿತ್ರ ಮೂಲೆಯಲ್ಲಿ ಮುದುಡಿಕೊಳ್ಳುತ್ತದೆ. ಬೇಕಾದದ್ದು ದೊಡ್ಡ ಜಾಗ: ಹಳೆ ಪತ್ರಿಕೆಯ ಪೂರ್ತಿ ಹಾಳೆ, ಜಗುಲಿಯ ನೆಲ, ಹೊರಗೋಡೆ. ಇದ್ದಿಲು, ಕೆಮ್ಮಣ್ಣು, ಸೀಮೆಸುಣ್ಣದ ತುಂಡು ಧಾರಾಳ. ಅರಿಶಿನಕ್ಕೆ ಚಿಟಿಕೆ ತಿನ್ನುವ ಸುಣ್ಣದ ನೀರು ಬಿದ್ದರೆ ಕೆಂಪಾಗುವುದನ್ನು ನೋಡಿದ ಮಗು ಬಣ್ಣದ ಪೆಟ್ಟಿಗೆ ಮರೆಯುತ್ತದೆ. ಸುಣ್ಣದ ನೀರನ್ನು ಶಿಕ್ಷಕರೇ ಹಾಕಬೇಕು, ಅಷ್ಟು ಎಚ್ಚರ ಸಾಕು. ಸಾಗರ, ಸೊರಬ ಕಡೆ ದೀವರ ಮನೆಗಳ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಸಾಮಗ್ರಿ ಇಲ್ಲವೆಂಬ ದೂರಿಗೆ ಆ ಗೋಡೆಗಳೇ ಉತ್ತರ.

ಆದರೆ ಪಿರಿಯಡ್ ಉದ್ದದ ದೂರು ನಿಜವಾದದ್ದು. 40 ನಿಮಿಷದಲ್ಲಿ ಹಂಚಲು 7, ಎತ್ತಿಡಲು, ಕೈ ತೊಳೆಯಲು 10 ಹೋದರೆ ಬರೆಯಲು 23. ಬಣ್ಣವೋ ಮಣ್ಣೋ ಆದರೆ ಅರ್ಧಕ್ಕೇ ಗಂಟೆ ಬಾರಿಸುತ್ತದೆ. ವಾರಕ್ಕೆರಡು ಬಿಡಿ ಪಿರಿಯಡ್ ಬದಲು ಒಂದು ಜೋಡಿ ಪಿರಿಯಡ್ ಕೊಟ್ಟರೆ ಅದೇ 80 ನಿಮಿಷದಲ್ಲಿ ಬರೆಯಲು 63 ಸಿಗುತ್ತದೆ. ವಾರಕ್ಕೊಮ್ಮೆ ಬರುವ ಶಿಕ್ಷಕರಿಗೆ ಇದು ಇನ್ನೂ ಅನುಕೂಲ. ಮುಖ್ಯಶಿಕ್ಷಕರು ಒಪ್ಪಿದರೆ ಒಂದು ರೂಪಾಯಿ ಖರ್ಚಿಲ್ಲ.

ಮಣ್ಣಿನ ಕೆಲಸದಲ್ಲಿ ಒಣಗುವಾಗ ಬಿರುಕು ಬಿಡುವುದು ಸಾಮಾನ್ಯ ದೂರು. ಕಾರಣ ಮೂರು. ಜೇಡಿಮಣ್ಣನ್ನು ಜರಡಿ ಹಿಡಿದು ಕಲ್ಲು, ಬೇರು ತೆಗೆದಿಲ್ಲ. ಚೆನ್ನಾಗಿ ನಾದದೆ ಗಾಳಿ ಉಳಿದಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹೆಬ್ಬೆರಳಿಗಿಂತ ದಪ್ಪ ಬೇಡ. ಆನೆಗೆ ಕಾಲು ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಲ್ಲಿ ಕದಡಿದ ಮಣ್ಣಿನ ಗೊಜ್ಜು ಸವರಿ ಒತ್ತಬೇಕು. ಬಿಸಿಲಿಗಿಡದೆ, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಎರಡು ಮೂರು ದಿನ ಒಣಗಿಸಬೇಕು. ಆ ಬಟ್ಟೆ ಒದ್ದೆ ಮಾಡುವುದೇ ತರಗತಿ ಶಿಕ್ಷಕಿಯ ಪಾಲಿನ ಕೆಲಸ.

ಅಭಿನಯ ಗೀತೆಯಲ್ಲ, ಭಾಷೆ

ಸಂಜ್ಞಾ ಭಾಷೆ ಈ ಪಟ್ಟಿಗೆ ಹೊಸದಾಗಿ ಸೇರಿದ್ದು. 2011ರ ಜನಗಣತಿಯಲ್ಲಿ ದೇಶದಲ್ಲಿ ಶ್ರವಣದೋಷವಿರುವವರ ಸಂಖ್ಯೆ 50 ಲಕ್ಷ ದಾಟಿತ್ತು. ಭಾರತೀಯ ಸಂಜ್ಞಾ ಭಾಷೆಗೆ ದೆಹಲಿಯಲ್ಲಿ ಸಂಶೋಧನಾ ಮತ್ತು ತರಬೇತಿ ಕೇಂದ್ರ ಬಂದದ್ದು 2015ರಲ್ಲಿ. 2018ರಲ್ಲಿ 3,000 ಪದಗಳಿಂದ ಶುರುವಾದ ಅದರ ನಿಘಂಟು 2021ಕ್ಕೆ 10,000 ಪದಕ್ಕೆ ಬೆಳೆಯಿತು. ಪಠ್ಯಪುಸ್ತಕಗಳನ್ನು ಸಂಜ್ಞೆಗೆ ತರಲು 2020ರಲ್ಲಿ ಎನ್‌ಸಿಇಆರ್‌ಟಿ ಜೊತೆ ಒಪ್ಪಂದವಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಜ್ಞೆ ಬಲ್ಲ ಶಿಕ್ಷಕರ ನೇಮಕ, ತರಬೇತಿಯನ್ನು ಸರ್ಕಾರದ ಹೊಣೆಯೆಂದು ಬರೆದಿದೆ. ಕರ್ನಾಟಕದಲ್ಲಿ ತಾಲ್ಲೂಕಿನ ಮಟ್ಟದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಡೀ ತಾಲ್ಲೂಕು ಸುತ್ತುವ ಅವರು ಒಂದು ಮಗುವಿನ ಬಳಿ ಎಷ್ಟು ಹೊತ್ತು ಕೂರಬಲ್ಲರು?

ಎಷ್ಟೋ ಶಾಲೆಗಳಲ್ಲಿ ಅಭಿನಯ ಗೀತೆಯ ಕೈಸನ್ನೆಯನ್ನೇ ಸಂಜ್ಞಾ ಭಾಷೆಯೆಂದು ತಿಳಿಯುತ್ತಾರೆ. ಮೊದಲು ಬಿಡಿಸಬೇಕಾದ ಗಂಟು ಇದು. ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ವಾಕ್ಯದಲ್ಲಿ ಕ್ರಿಯೆ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಪದವೂ ಕೊನೆಗೆ. ಕ್ರಿಯೆ ಕೊನೆಗೆ ಬರುವ ಕ್ರಮ ಕನ್ನಡ ಮಾತಾಡುವ ಮಗುವಿಗೆ ಪರಿಚಿತ. ಹೌದು ಅಥವಾ ಇಲ್ಲ ಎಂಬ ಉತ್ತರದ ಪ್ರಶ್ನೆಯಲ್ಲಿ ಹುಬ್ಬು ಮೇಲೇರಬೇಕು. ಮುಖ ಕಲ್ಲಿನಂತಿಟ್ಟು ಕೈ ಮಾತ್ರ ಆಡಿಸಿದರೆ ಪ್ರಶ್ನೆ ಹೇಳಿಕೆಯಾಗಿಬಿಡುತ್ತದೆ. ಬೆರಳಕ್ಷರಗಳು ನಮ್ಮಲ್ಲಿ ಹೆಚ್ಚಾಗಿ ಎರಡು ಕೈಯವು. ಇಂಗ್ಲಿಷ್ ಸ್ವರಾಕ್ಷರ ಐದಕ್ಕೆ ಎಡಗೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದೇ ತುದಿ ಮುಟ್ಟುವುದು. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಒಂದೇ ಕೈಯ ಅಕ್ಷರಮಾಲೆ ಅಮೆರಿಕದ್ದು. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿದರೆ ಮಗು ಊರಿನ ಯಾವ ಕಿವುಡರೊಂದಿಗೂ ಮಾತಾಡಲಾರದು.

ಕಿವುಡ ಮಗುವಿಗೆ ವಾರಕ್ಕೊಂದು ಪಿರಿಯಡ್‌ನಿಂದ ಭಾಷೆ ಬರುವುದಿಲ್ಲ. ಅದಕ್ಕೆ ದಿನವಿಡೀ ಸಂಜ್ಞೆ ಆಡುವವರು ಬೇಕು, ಸಾಧ್ಯವಾದರೆ ಕಿವುಡ ಹಿರಿಯರೇ. ಈ ಪಿರಿಯಡ್ ಉಳಿದ 34 ಮಕ್ಕಳಿಗೆ. ಅವರಿಗೆ ಬಂದರೆ ಆ ಮಗುವಿಗೆ ಊಟದ ಸಾಲಿನಲ್ಲಿ, ಆಟದಲ್ಲಿ ಜೊತೆ ಸಿಗುತ್ತದೆ. ಮೊದಲ ತಿಂಗಳು ಪ್ರತಿ ಮಗುವಿಗೂ ಒಂದು ಹೆಸರಿನ ಸಂಜ್ಞೆ, ಆಮೇಲೆ ಬಾ, ನಿಲ್ಲು, ನೀರು, ಊಟ, ನೋವು, ನನ್ನ ಸರದಿ, ಮತ್ತೆ ಹೇಳು. ವಾರಕ್ಕೆ 5 ಪದ, ದಿನಕ್ಕೊಂದು, ಹಾಜರಿ ಕರೆಯುವಾಗ ಅಭ್ಯಾಸ. ಮಕ್ಕಳು ಅರ್ಧವೃತ್ತದಲ್ಲಿ ಕೂರಲಿ. ಶಿಕ್ಷಕಿ ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕು ಹಿಂದಿನಿಂದ ಬಿದ್ದು ಮುಖವೂ ಕೈಯೂ ಕಪ್ಪಾಗಿ ಕಾಣುತ್ತದೆ. ಬೋರ್ಡಿನ ಕಡೆ ತಿರುಗಿ ಮಾತಾಡುವುದಂತೂ ಆ ಮಗುವಿನ ಪಾಲಿಗೆ ಮೌನ. ಗಮನ ಸೆಳೆಯಲು ಭುಜ ಮುಟ್ಟುವುದು, ಕೈ ಬೀಸುವುದು, ದೀಪ ಆರಿಸಿ ಹೊತ್ತಿಸುವುದು. ಚಪ್ಪಾಳೆಗೆ ಬದಲು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುವುದು.

ಬಂದುಹೋಗುವವರ ಹಾಜರಿ ಎಲ್ಲಿ?

ಇಂಗ್ಲೆಂಡಿನ ಅನುಭವ ಇಲ್ಲಿ ಒಂದು ಎಚ್ಚರಿಕೆ. ಅಲ್ಲಿ 2005ರ ಸೆಪ್ಟೆಂಬರ್‌ನಿಂದ ತರಗತಿ ಶಿಕ್ಷಕರಿಗೆ ಬೋಧನಾ ಸಮಯದ 10%ರಷ್ಟು ಪಾಠದ ತಯಾರಿಗೆ ಮೀಸಲು. ಆ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳಲು ಎಷ್ಟೋ ಶಾಲೆಗಳು ಕ್ರೀಡೆ, ಸಂಗೀತ, ಕಲೆಯ ಹೊರಗಿನವರನ್ನು ಕರೆದವು. 2013ರಿಂದ ಪ್ರಾಥಮಿಕ ಶಾಲೆಗಳ ಆಟೋಟಕ್ಕೆಂದೇ ಬೇರೆ ಅನುದಾನ ಬಂತು; 2017–18ರಿಂದ 17 ಮಕ್ಕಳಿಗಿಂತ ಕಡಿಮೆಯಿಲ್ಲದ ಶಾಲೆಗೆ ವರ್ಷಕ್ಕೆ 16,000 ಪೌಂಡ್, ಮೇಲೆ ತಲೆಗೆ 10 ಪೌಂಡ್. ತಯಾರಿಯ ಹೊತ್ತು ತುಂಬಲು ಈ ಹಣದಿಂದ ತರಬೇತುದಾರರನ್ನು ಕರೆಯಬಾರದು ಎಂದು ಸರ್ಕಾರದ ಮಾರ್ಗಸೂಚಿಯಲ್ಲೇ ಬರೆಯಬೇಕಾಯಿತು. ತರಗತಿ ಶಿಕ್ಷಕರು ಕೋಣೆ ಬಿಟ್ಟು ಹೋದರೆ ಅವರು ಏನನ್ನೂ ಕಲಿಯುವುದಿಲ್ಲ, ಬಂದವರು ಹೋದ ಮೇಲೆ ಏನೂ ಉಳಿಯುವುದಿಲ್ಲ. ನಮ್ಮಲ್ಲೂ ಮೇಷ್ಟ್ರು ಬಂದ ದಿನ ತರಗತಿ ಶಿಕ್ಷಕಿಯನ್ನು ಅಂಕಿಅಂಶ ತುಂಬಲು ಕೂರಿಸಿದರೆ ಆಗುವುದು ಅದೇ. ಕನಿಷ್ಠ ಮೊದಲ 20 ನಿಮಿಷ ಆಕೆ ಜೊತೆಗಿರಬೇಕು.

ಕ್ಲಸ್ಟರ್ ಶಿಕ್ಷಕರ ವ್ಯವಸ್ಥೆ ಮುರಿಯುವುದು ಪಾಠದಲ್ಲಲ್ಲ, ಕಾಗದದಲ್ಲಿ. ಐದು ಶಾಲೆಗೆ ಹೋಗುವವರ ಹಾಜರಿ ಪುಸ್ತಕ ಯಾವ ಶಾಲೆಯಲ್ಲಿ? ಸಂಬಳದ ಶಾಲೆಯ ಮುಖ್ಯಶಿಕ್ಷಕರು ‘ಇವತ್ತು ಇಲ್ಲೇ ಇರಿ, ಪರೀಕ್ಷೆ ಇದೆ’ ಎಂದರೆ ತಪ್ಪಿದ ಊರಿನ ಮಕ್ಕಳ ಪರ ಕೇಳುವವರು ಯಾರು? ಬಸ್ಸಿಲ್ಲದ ಊರಿಗೆ ಪ್ರಯಾಣ ಭತ್ಯೆ ಎಲ್ಲಿಂದ? ಹುದ್ದೆಯನ್ನು ಒಂದು ಶಾಲೆಯ ಹೆಸರಿಗೆ ಕೊಟ್ಟು ಉಳಿದ ನಾಲ್ಕಕ್ಕೆ ‘ನಿಯೋಜನೆ’ ಮಾಡಿದರೆ ಆ ನಾಲ್ಕೂ ಎರಡನೇ ದರ್ಜೆಯಾಗುತ್ತವೆ. ಹುದ್ದೆಯನ್ನು ಕ್ಲಸ್ಟರಿಗೇ ಮಂಜೂರು ಮಾಡಿ, ಹಾಜರಿಯನ್ನು ಆಯಾ ದಿನದ ಶಾಲೆಯಲ್ಲಿ ಹಾಕಿಸಿ, ವಾರದ ದಿನ ಬದಲಿಸುವ ಅಧಿಕಾರವನ್ನು ಯಾವ ಮುಖ್ಯಶಿಕ್ಷಕರಿಗೂ ಕೊಡದಿದ್ದರೆ ಅರ್ಧ ಗೋಜಲು ತಪ್ಪುತ್ತದೆ.

ಇನ್ನರ್ಧಕ್ಕೆ ಪ್ರತಿ ಶಾಲೆಯಲ್ಲೂ ಒಂದು 100 ಪುಟದ ನೋಟ್‌ಬುಕ್ ಬೇಕು. ಎಡಪುಟದಲ್ಲಿ ಬಂದ ಶಿಕ್ಷಕರು ಅಂದು ಮಾಡಿದ್ದು ಎರಡು ಸಾಲು, ಬಿಟ್ಟುಹೋದ ಅಭ್ಯಾಸ ಒಂದು ಸಾಲು. ಬಲಪುಟದಲ್ಲಿ ತರಗತಿ ಶಿಕ್ಷಕಿ, ಯಾವ ದಿನ ಮಾಡಿಸಿದೆ, ಎಲ್ಲಿ ಮಕ್ಕಳು ಎಡವಿದರು. ಸಿಆರ್‌ಪಿ ಭೇಟಿಗೆ ಬಂದಾಗ ಪದಕದ ಪಟ್ಟಿಗೂ ಪ್ರತಿಭಾ ಕಾರಂಜಿಯ ಪ್ರಮಾಣಪತ್ರಕ್ಕೂ ಮೊದಲು ಕೇಳಬೇಕಾದದ್ದು ಈ ಪುಸ್ತಕವನ್ನು. ಬಲಪುಟ ಸತತ ಮೂರು ವಾರ ಖಾಲಿಯಿದ್ದರೆ, ಬಿಟ್ಟುಹೋದ ಕೆಲಸ ಆಕೆಗೆ ದೊಡ್ಡದಾಗಿದೆ ಅಥವಾ ಅರ್ಥವಾಗಿಲ್ಲ. ಮುಂದಿನ ವಾರ ಅದನ್ನು ಅರ್ಧಕ್ಕೆ ಇಳಿಸಬೇಕಾದವರು ಎಡಪುಟ ಬರೆದವರು.